ತುಮಕೂರಿನ ಕೆಮ್ಮು ಕಲಿಸಿದ್ದು

ಪದವಿ ಮುಗಿಸಿ ಆರೋಗ್ಯ ಸಂವಹನದ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ ಹುಡುಗಿಯರು ಇಂದಿರಾನಗರದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಜಾಣೆಯರು. ಆದರೆ ಎಲ್ಲರ ಪ್ರಾಜೆಕ್ಟೂ ಶುರುವಾಗುವುದು ಒಂದೇ ಮಾತಿನಿಂದ: “ಜನರಲ್ಲಿ ಅರಿವಿಲ್ಲ ಮೇಡಂ.” ಆರೋಗ್ಯ ಶಿಕ್ಷಕಿಯಾಗಿ ಊರೂರು ಅಲೆದವಳು ನಾನು. ಆ ಮಾತು ಕೇಳಿದಾಗಲೆಲ್ಲ ಅವರಿಗೆ ತುಮಕೂರಿನ ಕಥೆ ಹೇಳುತ್ತೇನೆ.

ಆ ಕಥೆಗೂ ಹಿಂದೆ ಸರ್ಕಾರ ರೋಗದ ಬಗ್ಗೆ ಜನರೊಡನೆ ಆಡುತ್ತಿದ್ದದ್ದು ಹೆಚ್ಚಾಗಿ ಅಪ್ಪಣೆಯ ಭಾಷೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮನೆ ತಪಾಸಣೆ, ಬೇರೆ ಶಿಬಿರ. ಹೆದರಿದವರು ಕಾಯಿಲೆಯವರನ್ನು ಬಚ್ಚಿಟ್ಟರು. ಬೇರೆ ಇಡುವ ಆ ನೆನಪು ಹೆಸರಲ್ಲೂ ಉಳಿದಿದೆ: ನಮ್ಮ ಹಳೆ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯನ್ನು ಹಳಬರು ಈಗಲೂ ಐಸೋಲೇಶನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿ ವೈದ್ಯರ ಜತೆಗೆ ಸಮಾಜಶಾಸ್ತ್ರಜ್ಞರಿಗೂ ಕೆಲಸವಿತ್ತು. ನನಗೆ ಆ ಸಂಸ್ಥೆಯ ಮೇಲಿನ ಗೌರವಕ್ಕೆ ಅದೇ ಕಾರಣ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳ ಅನುಭವ ವಿಚಾರಿಸಿದರು. ಕೆಮ್ಮು ಯಾವಾಗಿನಿಂದ? ಚಿಂತೆಯಾಯಿತೆ? ಎಲ್ಲಿ ತೋರಿಸಿದಿರಿ? 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಉತ್ತರ ಅಚ್ಚಾಯಿತು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ. ಕೂಲಿ ಬಿಟ್ಟು ಅಷ್ಟು ದೂರ ನಡೆದು ಹೋದವರ ಕಫವನ್ನು ಪರೀಕ್ಷಿಸಿದವರಿಲ್ಲ! ಇಂಥವರಿಗೆ ಅರಿವಿಲ್ಲ ಎನ್ನುವುದು ಅನ್ಯಾಯ.

ಆ ಅಧ್ಯಯನ ಅಚ್ಚಾಗುವ ಮುನ್ನವೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ತಿಳಿವಳಿಕೆಯ ಮೇಲೆ: ರೋಗಿಯನ್ನು ಹುಡುಕಿಕೊಂಡು ಅಲೆಯುವ ಮೊದಲು, ಕೆಮ್ಮುತ್ತ ತಾನಾಗಿ ಬಂದವನನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸು. ಜಿಲ್ಲೆಗಳ ತಂಡಗಳು ಬೆಂಗಳೂರಿಗೆ ಬಂದು ತರಬೇತಿ ಪಡೆದವು. ವೈದ್ಯ, ಲ್ಯಾಬ್ ಟೆಕ್ನಿಶಿಯನ್, ಎಕ್ಸ್‌ರೇ ಟೆಕ್ನಿಶಿಯನ್, ರೋಗಿ ಮಾತ್ರೆ ಬಿಡದಂತೆ ನೋಡಿಕೊಳ್ಳುವವರು, ಎಲ್ಲರೂ ಒಂದೇ ತಂಡದವರು. ಇವತ್ತಿನ ಕೋರ್ಸುಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ. ಮಾತು ಕಲಿಯುವವರು ಒಂದು ಕಡೆ, ಕಫ ನೋಡುವವರು ಇನ್ನೊಂದು ಕಡೆ.

ಅದಕ್ಕೇ ಹುಡುಗಿಯರಿಗೆ ಹೇಳುತ್ತೇನೆ: “ಪೋಸ್ಟರ್ ಆಮೇಲೆ ಬರೆಯಿರಮ್ಮ. ಮೊದಲು ಆ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಕಫ ಯಾವ ಯಾವ ದಿನ ತಗೋತಾರೆ, ಎಷ್ಟು ಗಂಟೆವರೆಗೆ ತಗೋತಾರೆ, ಕೇಳಿಕೊಂಡು ಬನ್ನಿ.”