ಒಂದು ಹಳೆಯ ಪಿಸ್ತೂಲಿನ ಗುರಿ

ಗುರಿಯ ಮಾತು ಬಂದಾಗ ನಮಗೆ ಥಟ್ಟನೆ ನೆನಪಾಗುವುದು ದ್ರೋಣರು ಶಿಷ್ಯರಿಗೆ ಒಡ್ಡಿದ ಪರೀಕ್ಷೆ. ಮರದ ಮೇಲಿದ್ದ ಹಕ್ಕಿಯ ತಲೆಯ ಹೊರತು ಅರ್ಜುನನಿಗೆ ಬೇರೇನೂ ಕಾಣಲಿಲ್ಲವಷ್ಟೆ. ಆದರೆ ಅಂದು ಅವನ ಕೈಯಲ್ಲಿದ್ದ ಬಿಲ್ಲು ಯಾವುದು, ಅದನ್ನು ಹದಮಾಡಿ ಕೊಟ್ಟವನು ಯಾರು ಎಂದು ಕೇಳಿದವರಿಲ್ಲ. ಗಾಂಡೀವ ಅವನಿಗೆ ದೊರೆತದ್ದು ಬಹುಕಾಲದ ಮೇಲೆ, ಖಾಂಡವದಹನದ ಸಂದರ್ಭದಲ್ಲಿ. ಕಾವ್ಯಕ್ಕೆ ಬಿಲ್ಗಾರನೊಬ್ಬ ಸಾಕು. ಚರಿತ್ರೆಗೆ ಬಿಲ್ಲು ಮಾಡಿದವನೂ ಬೇಕು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಪಿಸ್ತೂಲಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಕೊಲ್ಲುವ ಸಾಧನದ ಮೇಲೆ ನನಗೆ ಮೋಹವಿಲ್ಲ. ಒಂದು ಉಪಕರಣವನ್ನು ಅದರ ಹುಟ್ಟುಗುಣಕ್ಕೆ ವಿರುದ್ಧವಾಗಿ ತಿದ್ದಲು ಹೊರಟವರು ಏನನ್ನು ಪಡೆದರು, ಏನನ್ನು ತೆತ್ತರು ಎಂಬುದಷ್ಟೇ ನನ್ನ ಕುತೂಹಲ.

ಆ ಉಪಕರಣ ಅಮೆರಿಕದ ಸೇನೆ 1911ರ ಮಾರ್ಚಿಯಲ್ಲಿ ಅಂಗೀಕರಿಸಿದ ಅರೆಸ್ವಯಂಚಾಲಿತ ಪಿಸ್ತೂಲು. ಹುಟ್ಟಿದ ವರ್ಷವೇ ಅದರ ಹೆಸರೂ ಆಯಿತು. ಅದನ್ನು ರೂಪಿಸಿದವನು ಯೂಟಾ ಪ್ರಾಂತದ ಆಗ್ಡೆನ್ ಊರಿನಲ್ಲಿ 1855ರಲ್ಲಿ ಜನಿಸಿದ ಜಾನ್ ಮೋಸೆಸ್ ಬ್ರೌನಿಂಗ್. ತಯಾರಿಸಿದ್ದು ಕೋಲ್ಟ್ ಕಂಪನಿ. ಫಿಲಿಪ್ಪೀನ್ಸಿನ ಯುದ್ಧದಲ್ಲಿ 0.38 ಇಂಚಿನ ರಿವಾಲ್ವರುಗಳು ಸಾಲವೆಂದು ಕಂಡುಕೊಂಡಿದ್ದ ಸೇನೆ 0.45 ಇಂಚಿನ ಗುಂಡನ್ನು ಬಯಸಿತ್ತು. ಕೊನೆಯ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಹಾರಿಸಲಾಯಿತು. ಕಾದು ಕೆಂಡವಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಎದುರಾಳಿಯಾದ ಸ್ಯಾವೇಜ್ ಕಂಪನಿಯ ಪಿಸ್ತೂಲು ಹಲವು ಸಲ ಎಡವಿತು. ಬ್ರೌನಿಂಗನದು ಒಮ್ಮೆಯೂ ಎಡವಲಿಲ್ಲ.

ಈ ಗೆಲುವಿನಲ್ಲಿ ಒಂದು ಪಾಲು ಸಡಿಲಿಗೆ ಸೇರಬೇಕು. ನಮ್ಮ ಎತ್ತಿನ ಗಾಡಿಯನ್ನು ನೆನೆಯಿರಿ. ಅಚ್ಚಿಗೂ ಗುಂಬಕ್ಕೂ ನಡುವೆ ತುಸು ಆಡಲು ಎಡೆಯಿರುವುದರಿಂದಲೇ ಅದು ಕೆಸರಿನಲ್ಲಿಯೂ ಉರುಳುತ್ತದೆ. ಈ ಪಿಸ್ತೂಲಿನ ಬಿಡಿಭಾಗಗಳ ನಡುವೆಯೂ ಅಂಥದೇ ಎಡೆಯಿತ್ತು. ಮರಳು, ಮಣ್ಣು, ಮಸಿ ಒಳಹೊಕ್ಕರೂ ಅದು ಹಟಮಾಡದೆ ನಡೆಯುತ್ತಿತ್ತು. ಸಡಿಲಿಗೆ ಇನ್ನೊಂದು ಕಾರಣವೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಕೋಲ್ಟ್ ಕಂಪನಿಯೊಂದರಿಂದ ಬೇಡಿಕೆ ಪೂರೈಸದಾಯಿತು. ಆಗ ಟೈಪ್‌ರೈಟರಿನ ರೆಮಿಂಗ್ಟನ್ ರ್‍ಯಾಂಡ್ ಕಂಪನಿ 8 ಲಕ್ಷಕ್ಕೂ ಮಿಗಿಲಾದ ಪಿಸ್ತೂಲುಗಳನ್ನು ಮಾಡಿತು. ರೈಲ್ವೆ ಸಿಗ್ನಲ್ ಮಾಡುವವರೂ ಮಾಡಿದರು. ನಮ್ಮ ದರ್ಜಿಗಳ ಮನೆಮಾತಾದ ಸಿಂಗರ್ ಕಂಪನಿಯೂ ಒಂದು 500 ಮಾಡಿಕೊಟ್ಟಿತು. ಒಂದು ಕಾರ್ಖಾನೆಯ ಭಾಗ ಇನ್ನೊಂದು ಕಾರ್ಖಾನೆಯ ಪಿಸ್ತೂಲಿಗೆ ಅರವಿಲ್ಲದೆ ಕೂರಬೇಕೆಂದಮೇಲೆ ಅಳತೆಯಲ್ಲಿ ಸ್ವಲ್ಪ ಔದಾರ್ಯ ಬೇಡವೆ?

ಯುದ್ಧಭೂಮಿಯ ಈ ಗುಣವೇ ಸ್ಪರ್ಧಾಂಗಣದಲ್ಲಿ ದೋಷವಾಯಿತು. ಓಹಾಯೋ ಪ್ರಾಂತದ ಈರಿ ಸರೋವರದ ದಂಡೆಯಲ್ಲಿರುವ ಕ್ಯಾಂಪ್ ಪೆರಿಯಲ್ಲಿ 1907ರಿಂದ ಅಮೆರಿಕದ ರಾಷ್ಟ್ರೀಯ ಗುರಿಸ್ಪರ್ಧೆಗಳು ನಡೆದುಬಂದಿವೆ. ಅಲ್ಲಿನ ಸಂಪ್ರದಾಯದ ಪಿಸ್ತೂಲು ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಹಿಡಿದು, 50 ಗಜದಾಚೆಗೆ ಮೂರೂಕಾಲು ಇಂಚಿಗೆ ತುಸುವೇ ಮೀರಿದ ವ್ಯಾಸದ ವೃತ್ತಕ್ಕೆ ಗುಂಡು ಹೊಡೆಯಬೇಕು. ಆಗಲೇ ಹತ್ತಕ್ಕೆ ಹತ್ತು.

ತೊಡಕು ಎಲ್ಲಿದೆಯೆಂದರೆ, ಗುರಿ ನೋಡುವ ಕಣ್ಣುಗಳಿರುವುದು ಮೇಲೆ ಜಾರುವ ಸ್ಲೈಡಿನ ಮೇಲೆ. ಗುಂಡು ಹೊರಡುವ ನಳಿಗೆ ಅದರೊಳಗಿನ ಬೇರೆಯೇ ಭಾಗ. ಗುಂಡು ಹಾರಿದೊಡನೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ತುಸು ಹಿಂದೆ ಸರಿಯುತ್ತವೆ. ಅನಂತರ ಸಣ್ಣದೊಂದು ಕೊಂಡಿ ನಳಿಗೆಯ ಹಿಂತುದಿಯನ್ನು ಕೆಳಕ್ಕೆಳೆದು ಬಿಡಿಸುತ್ತದೆ. ಸ್ಲೈಡು ಮಾತ್ರ ಹಿಂದೆ ಓಡಿ, ಖಾಲಿ ತೋಟಾವನ್ನು ಹೊರಚೆಲ್ಲಿ, ಹೊಸದನ್ನು ದೂಡಿಕೊಂಡು ಮರಳುತ್ತದೆ. ನಳಿಗೆ ಮತ್ತೆ ಮೇಲೆದ್ದು ಕಚ್ಚಿಕೊಳ್ಳುತ್ತದೆ. ಪ್ರತಿಸಲವೂ ನಳಿಗೆ ಹಿಂದಿನ ನೆಲೆಗೇ ಬಂದು ಕೂರಬೇಕು. ಐದು ಇಂಚು ಉದ್ದದ ಆ ನಳಿಗೆಯ ಬಾಯಿ ಇಂಚಿನ ನೂರರಲ್ಲೊಂದು ಪಾಲು ಪಕ್ಕಕ್ಕೆ ಸರಿದರೆ, 50 ಗಜದಾಚೆ ಗುಂಡು ಮೂರೂವರೆ ಇಂಚಿಗೂ ಹೆಚ್ಚು ದೂರ ಬೀಳುತ್ತದೆ. ಸ್ಪರ್ಧಾಳುವಿನ ಕಣ್ಣು ಅರ್ಜುನನದೇ ಆಗಿರಲಿ, ಆ ಹೊಡೆತ ವೃತ್ತದ ಹೊರಗೆ.

1930ರ ದಶಕದಲ್ಲಿ ಕೋಲ್ಟ್ ಕಂಪನಿಯೇ ನ್ಯಾಷನಲ್ ಮ್ಯಾಚ್ ಎಂಬ ಹೆಸರಿನಲ್ಲಿ ನಯಗೊಳಿಸಿದ ಮಾದರಿಯನ್ನು ಹೊರತಂದಿತು. ಆದರೆ ನಿಜವಾದ ತಪಸ್ಸು ನಡೆದದ್ದು 1950ರ ದಶಕದಿಂದೀಚೆಗೆ, ಸೇನೆಯ ಶಸ್ತ್ರಕರ್ಮಿಗಳ ಕಮ್ಮಟಗಳಲ್ಲಿ, ಅದರಲ್ಲಿಯೂ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ. ಅವರು ಸ್ಲೈಡು ಜಾರುವ ಹಳಿಗಳನ್ನು ಮೆಲ್ಲಗೆ ಬಡಿದು ಎಡೆಯನ್ನು ಕುಗ್ಗಿಸಿದರು. ಅರದ ಪುಡಿ ಸವರಿ ಒಂದರೊಳಗೊಂದನ್ನು ತಿಕ್ಕಿ ಹೊಂದಿಸಿದರು. ನಳಿಗೆಯ ಬಾಯಿಯನ್ನು ಹಿಡಿಯುವ ಬಳೆಯನ್ನು ಆ ನಳಿಗೆಗೇ ತಕ್ಕಂತೆ ಕಡೆದರು. ಕೊಂಡಿಯ ಅಳತೆಯನ್ನು ಆಯ್ದು ಜೋಡಿಸಿದರು. ಸ್ಪಷ್ಟವಾಗಿ ಕಾಣುವ ಹೊಸ ಗುರಿಕಣ್ಣು ಬಂತು. ಬಂದೂಕಿನ ಕುದುರೆಯ ಒರಟುತನ ಹೋಯಿತು. (ಎಳೆಯುವ ಆ ಕೀಲಿಗೆ ಕುದುರೆ ಎಂಬ ಹೆಸರಿಟ್ಟವನು ರಸಿಕನಿರಬೇಕು.) ಅದನ್ನು ಮನಬಂದಂತೆ ಹಗುರಮಾಡುವ ಹಾಗಿರಲಿಲ್ಲ. ಸೇನಾ ಪಿಸ್ತೂಲಿನ ಸ್ಪರ್ಧೆಯಲ್ಲಿ ನಾಲ್ಕು ಪೌಂಡಿಗಿಂತ ಕಡಿಮೆ ಎಳೆತಕ್ಕೆ ಅದು ಬಿಡಕೂಡದೆಂಬ ಕಟ್ಟಳೆಯುಂಟು.

ಗುರಿ ಬಿಗಿಯಾಯಿತು, ನಿಜ. ಆದರೆ ಹೀಗೆ ಕೈಯಿಂದ ಹೊಂದಿಸಿದ ಭಾಗ ಆ ಒಂದು ಪಿಸ್ತೂಲಿಗಲ್ಲದೆ ಬೇರೊಂದಕ್ಕೆ ಸಲ್ಲದು. ಯಂತ್ರಯುಗ ಬಹು ಶ್ರಮದಿಂದ ಸಾಧಿಸಿದ್ದ ಅದಲುಬದಲಿನ ಅನುಕೂಲವನ್ನು ಕಮ್ಮಟದವನ ಕೈ ಮರಳಿ ಕಿತ್ತುಕೊಂಡಿತು. ಬಿಗಿದ ಪಿಸ್ತೂಲಿಗೆ ಎಣ್ಣೆ, ಶುಚಿ, ಆರೈಕೆ ಎಲ್ಲವೂ ಬೇಕು. ಹೊಡೆದು ಹೊಡೆದು ಸವೆದಾಗ ಮತ್ತೆ ಬಿಗಿಸಬೇಕು. ಕೆಸರಿನ ಕಂದಕಕ್ಕೆ ಇಳಿಯಬೇಕಾದ ಸಿಪಾಯಿ ಅದನ್ನು ಒಲ್ಲೆನೆಂದರೆ ಅವನದು ಅಜ್ಞಾನವಲ್ಲ. ಹಳೆಯ ಪಿಸ್ತೂಲನ್ನು ಅಲುಗಾಡಿಸಿ, ಅದರ ಕಿಲಕಿಲ ಸದ್ದಿಗೆ ನಗುವ ಪ್ರವೀಣರು ಇದನ್ನು ಮರೆಯುತ್ತಾರೆ.

ಸೇನೆ 1985ರಲ್ಲಿ ಅದರ ಬದಲಿಗೆ ಬೆರೆಟ್ಟಾ ಪಿಸ್ತೂಲನ್ನು ಆರಿಸಿಕೊಂಡಿತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ 1968ರಲ್ಲಿಯೇ ಬಾಗಿಲು ಮುಚ್ಚಿತ್ತು. ಅಲ್ಲಿ ಪುನರ್ನಿರ್ಮಿಸಿದ ಪಿಸ್ತೂಲುಗಳು ಸಂಗ್ರಾಹಕರ ಕೈಯಲ್ಲಿ ಇಂದಿಗೂ ಉಳಿದಿವೆ. ಅವುಗಳ ಬಿಡಿಭಾಗಗಳ ಮೇಲೆ ನ್ಯಾಷನಲ್ ಮ್ಯಾಚ್ ಎಂಬುದರ ಎರಡು ಮೊದಲಕ್ಷರಗಳ ಮುದ್ರೆಯುಂಟು. ಕೆಳಗಿನ ಚೌಕಟ್ಟಿನ ಮೇಲಿರುವ ಕ್ರಮಸಂಖ್ಯೆಯನ್ನು ಹಿಡಿದು ಹುಡುಕಿದರೆ, ಕೆಲವು ಚೌಕಟ್ಟುಗಳು ಯುದ್ಧಕಾಲದ ಆ ಟೈಪ್‌ರೈಟರ್ ಕಂಪನಿಯಿಂದ ಬಂದವು ಎಂದು ತಿಳಿಯುತ್ತದೆ.