ಅನ್ನದ ಬಟ್ಟಲು, ಚಹಾದ ಬಟ್ಟಲು

ಕ್ಯೋಟೋ ನಗರದ ದೈತೊಕುಜಿ ಎಂಬ ಝೆನ್ ವಿಹಾರದ ಆವರಣದಲ್ಲಿ ಕೊಹೋಆನ್ ಎಂಬ ಚಿಕ್ಕ ಮಠವಿದೆ. ಅಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ಕಾಪಾಡಿಕೊಂಡು ಬಂದ ಒಂದು ಮಣ್ಣಿನ ಬಟ್ಟಲು ಜಪಾನಿನ ರಾಷ್ಟ್ರೀಯ ನಿಧಿ. ಬಾಯಗಲ ಸುಮಾರು 15 ಸೆಂಟಿಮೀಟರು. ಹಳದಿ ಬೆರೆತ ಕಂದು ಬಣ್ಣ, ಮೈತುಂಬ ಕೂದಲೆಳೆಯಂಥ ಬಿರುಕು. ಬುಡದಲ್ಲಿ ಮೆರುಗು ಗಂಟುಗಂಟಾಗಿ ಹೆಪ್ಪುಗಟ್ಟಿದೆ. ಹೆಸರು ಕಿಜಾಎಮೊನ್ ಇದೊ. ಇದೊ ಎಂಬುದು ಬಟ್ಟಲಿನ ಬಗೆ; ಹಿಂದೊಮ್ಮೆ ಇದನ್ನು ಇಟ್ಟುಕೊಂಡಿದ್ದ ಒಸಾಕಾದ ವರ್ತಕ ಕಿಜಾಎಮೊನ್‌ನ ಹೆಸರು ಅದಕ್ಕೆ ಅಂಟಿತು. ಮಾಡಿದವನ ಹೆಸರು ಉಳಿಯಲಿಲ್ಲ. ಅವನು 16ನೆಯ ಶತಮಾನದ ಕೊರಿಯಾದ ಒಬ್ಬ ಕುಂಬಾರ.

1931ರಲ್ಲಿ ಈ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿದ ಯಾನಗಿ ಸೊಎತ್ಸು, ಇದು ಬಡವನೊಬ್ಬ ದಿನಾ ಉಣ್ಣುತ್ತಿದ್ದ ಅನ್ನದ ಬಟ್ಟಲು ಎಂದು ಬರೆದರು. ಜನಪದ ಕರಕುಶಲದ ಸೊಗಸನ್ನು ಜಪಾನಿಗೆ ಮನಗಾಣಿಸಿದವರು ಅವರು. ಇಂಥ ಬಟ್ಟಲುಗಳು ಪೂಜೆಯ ಪಾತ್ರೆಗಳಾಗಿದ್ದಿರಬಹುದೆಂದು ವಾದಿಸುವ ವಿದ್ವಾಂಸರೂ ಈಚೆಗೆ ಇದ್ದಾರೆ. ಏನೇ ಇರಲಿ, ಚಹಾ ಕುಡಿಯಲೆಂದು ಅದನ್ನು ಮಾಡಿರಲಿಲ್ಲ ಎಂಬುದಂತೂ ಸ್ಪಷ್ಟ. 18ನೆಯ ಶತಮಾನದ ಕೊನೆಯ ಹೊತ್ತಿಗೆ ಮತ್ಸುಎ ಸೀಮೆಯ ದೊರೆ ಮತ್ಸುದೈರಾ ಫುಮೈ ಅದಕ್ಕೆ 550 ಚಿನ್ನದ ನಾಣ್ಯ ಕೊಟ್ಟ ಎನ್ನುತ್ತಾರೆ. ಬಟ್ಟಲನ್ನು ಇಟ್ಟುಕೊಂಡವರಿಗೆ ಮೈಮೇಲೆ ಕುರು ಏಳುತ್ತದೆಂಬ ಮಾತಿತ್ತು, ದೊರೆಗೂ ಎದ್ದಿತಂತೆ. 1818ರಲ್ಲಿ ಅವನು ತೀರಿಕೊಂಡ ಮೇಲೆ ಮನೆಯವರು ಅದನ್ನು ಮಠಕ್ಕೆ ಒಪ್ಪಿಸಿದರು.

ಒರಟು ಬಟ್ಟಲಿಗೆ ಇಷ್ಟು ಬೆಲೆ ಬಂದದ್ದಕ್ಕೆ ಹಿನ್ನೆಲೆಯಿದೆ. ಮೊದಮೊದಲು ಜಪಾನಿನ ಸಿರಿವಂತರು ಪುಡಿಚಹವನ್ನು ಕುಡಿಯುತ್ತಿದ್ದುದು ಚೀನಾದಿಂದ ಬಂದ ನುಣುಪು ಬಟ್ಟಲುಗಳಲ್ಲಿ. 16ನೆಯ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯು ಆ ಅಭಿರುಚಿಯನ್ನೇ ಬದಲಿಸಿದ. ಪುಟ್ಟ ಹುಲ್ಲುಮಾಡಿನ ಕೋಣೆ, ಮಬ್ಬು ಬೆಳಕು, ಅಲ್ಲಿಗೆ ಒಪ್ಪುವ ಸರಳ ಪಾತ್ರೆ, ಇವು ಅವನಿಗೆ ಬೇಕಿದ್ದವು. ಕ್ಯೋಟೋದ ಚೋಜಿರೊ ಎಂಬವನು ಅವನಿಗಾಗಿ ತಿಗರಿಯನ್ನೇ ಬಳಸದೆ, ಮಣ್ಣನ್ನು ಬೆರಳಿಂದ ಒತ್ತಿ ಎತ್ತರಿಸಿ ಬಟ್ಟಲು ಮಾಡಿದ. ಇನ್ನೂ ಕೆಂಪಗೆ ಕಾದಿರುವಾಗಲೇ ಆವಗೆಯಿಂದ ಇಕ್ಕಳದಲ್ಲಿ ಹೊರಗೆಳೆದಾಗ ಅದು ದಟ್ಟ ಕಪ್ಪಿಗೆ ತಿರುಗುತ್ತಿತ್ತು. ದಪ್ಪ ಗೋಡೆಯ ಆ ಬಟ್ಟಲಲ್ಲಿ ಚಹಾ ಬೇಗ ಆರದು, ಹಿಡಿದ ಕೈಯೂ ಸುಡದು. ರಾಕು ಎಂದು ಹೆಸರಾದ ಈ ಕಸುಬನ್ನು ಅದೇ ಮನೆತನದ 16ನೆಯ ತಲೆಮಾರು ಇಂದಿಗೂ ನಡೆಸುತ್ತಿದೆ.

1591ರಲ್ಲಿ, ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೊಶಿಯ ಅಪ್ಪಣೆಯಂತೆ ರಿಕ್ಯು ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯಬೇಕಾಯಿತು. ಮರುವರ್ಷ ಅದೇ ಹಿದೆಯೊಶಿ ಕೊರಿಯಾದ ಮೇಲೆ ದಂಡು ಕಳಿಸಿದ.

1598ರವರೆಗೆ ನಡೆದ ಆ ಯುದ್ಧದಲ್ಲಿ ಜಪಾನಿನ ಸಾಮಂತರು ಕೊರಿಯಾದ ಕುಂಬಾರರನ್ನು ಸಂಸಾರಸಮೇತ ಹಿಡಿದು ತಂದರು. ಹಗಿ, ಸತ್ಸುಮಾ, ಅರಿತಾ ಮುಂತಾದ ಊರು-ಸೀಮೆಗಳ ಹೆಸರಾಂತ ಆವಗೆಗಳ ಬುಡದಲ್ಲಿ ಈ ಸೆರೆಯಾಳುಗಳ ದುಡಿಮೆ ಇದೆ. ಚಹಾ ಬಟ್ಟಲಿನ ಸೊಬಗನ್ನು ಹೊಗಳುವ ಬರಹಗಳು ಈ ನೋವನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ಸರಿಯಲ್ಲ. ನಬೆಶಿಮಾ ದೊರೆಯ ಸೈನ್ಯದೊಡನೆ ಬಂದ ಯಿ ಸಾಮ್‌ಪ್ಯೊಂಗ್ 1616ರ ಸುಮಾರಿಗೆ ಅರಿತಾದ ಬೆಟ್ಟದಲ್ಲಿ ಪಿಂಗಾಣಿಗೆ ಬೇಕಾದ ಬಿಳಿಗಲ್ಲನ್ನು ಕಂಡುಹಿಡಿದನೆಂದು ಆ ಊರು ನಂಬುತ್ತದೆ. ಜಪಾನಿನ ಪಿಂಗಾಣಿ ಶುರುವಾದದ್ದು ಹೀಗೆ ಎನ್ನುತ್ತಾರೆ. ಅದೇ ಶತಮಾನದ ನಡುವಿನಿಂದ ಡಚ್ ಹಡಗುಗಳು ಅದನ್ನು ಯುರೋಪಿಗೆ ಒಯ್ದವು. ಅರಿತಾದ ತೋಜಾನ್ ದೇಗುಲದಲ್ಲಿ ನಬೆಶಿಮಾ ದೊರೆಗೂ ಈ ಕುಂಬಾರನಿಗೂ ಒಟ್ಟಿಗೇ ಪೂಜೆ ಸಲ್ಲುತ್ತದೆ; 1888ರಲ್ಲಿ ನಿಲ್ಲಿಸಿದ ಅದರ ಹೆಬ್ಬಾಗಿಲು ಕೂಡ ಪಿಂಗಾಣಿಯದೇ.

ಆದರೆ ಮರದ ಬಟ್ಟಲಲ್ಲಿ ಉಣ್ಣುತ್ತಿದ್ದ ಸಾಮಾನ್ಯರ ಕೈಗೆ ಪಿಂಗಾಣಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅದನ್ನು ಅಗ್ಗ ಮಾಡಿದ್ದು ಅರಿತಾದ ಪಕ್ಕದ ಹಸಾಮಿ. ಅಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ ಆವಗೆಗಳಲ್ಲಿ 150 ಮೀಟರಿಗೂ ಉದ್ದವಾದವು ಇದ್ದವು. ಒಂದೇ ಸಲಕ್ಕೆ ರಾಶಿರಾಶಿ ಬಟ್ಟಲು ಬೇಯುತ್ತಿದ್ದವು. ದಪ್ಪ ಬುಡ, ಅವಸರದ ಕುಂಚದಲ್ಲಿ ಎಳೆದ ನೀಲಿ ಬಳ್ಳಿ, ಅಷ್ಟೇ. ಒಸಾಕಾ ಮತ್ತು ಫುಶಿಮಿ ನಡುವೆ ಯೊದೊ ನದಿಯಲ್ಲಿ ಹೋಗುವ ದೋಣಿಗಳನ್ನು ಹಿರಾಕಾತಾದ ಬಳಿ ಚಿಕ್ಕ ದೋಣಿಯ ಮಾರಾಟಗಾರರು ಅಡ್ಡಗಟ್ಟಿ, "ತಿನ್ನಲ್ವೇನ್ರೋ!" ಎಂದು ಒರಟಾಗಿ ಕೂಗಿ ಇಂಥ ಬಟ್ಟಲುಗಳಲ್ಲಿ ಊಟ ಮಾರುತ್ತಿದ್ದರು. ದೋಣಿ ತೂಗಾಡಿದರೂ ಭಾರದ ಬುಡದಿಂದಾಗಿ ಬಟ್ಟಲು ಮಗುಚುತ್ತಿರಲಿಲ್ಲ. ಆ ಕೂಗೇ ಬಟ್ಟಲಿಗೆ ಹೆಸರಾಯಿತು: ಕುರಾವಾಂಕಾ. ನದಿಯ ತಳದಿಂದ ಇವು ಎಷ್ಟೋ ಸಿಕ್ಕಿವೆ. ಹಳೆಯ ವಸ್ತುಗಳನ್ನು ಕೂಡಿಡುವವರು ಈಗ ಇವನ್ನೂ ಹುಡುಕಿ ಕೊಳ್ಳುತ್ತಾರೆ. ಹಸಾಮಿಯ ಆವಗೆಗಳಿಂದ ಮಾತ್ರ ಇಂದಿಗೂ ಹೊರಬರುತ್ತಿರುವುದು ಹೆಚ್ಚಾಗಿ ಮನೆಮಂದಿ ದಿನಾ ಉಣ್ಣುವ ಬಟ್ಟಲುಗಳೇ.