ಫಜಿ ಅಂಕವೂ ಸಂಭವನೀಯತೆಯೂ ಒಂದೇನಾ? ಕಾರ್ಖಾನೆಯ ‘77%’ ಓದುವುದು ಹೇಗೆ

‘ಸಮಯಪಾಲನೆಯಲ್ಲಿ ಈ ಕಾರ್ಖಾನೆಗೆ 77%’ ಎಂಬ ಅಂಕ ಕಂಡರೆ, 100 ಆರ್ಡರ್‌ಗಳಲ್ಲಿ 77 ಹೇಳಿದ ದಿನಕ್ಕೇ ತಲುಪಿವೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಫಜಿ ಲೆಕ್ಕದ ಅಂಕವಾಗಿದ್ದರೆ ಈ ಅರ್ಥ ತಪ್ಪು.

ವ್ಯತ್ಯಾಸವೇನು?

ನಾಳೆ ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಇದು ಸಂಭವನೀಯತೆಯ ವಿಷಯ. ನಾಳೆ ಕಳೆದರೆ ಅನುಮಾನವೂ ಮುಗಿಯುತ್ತದೆ. ಉಗುರುಬೆಚ್ಚಗಿನ ಕಾಫಿಯನ್ನು ‘ಬಿಸಿ’ ಎನ್ನಬಹುದೇ? ಕುಡಿದು ನೋಡಿದರೂ ಪೂರ್ತಿ ಹೌದು ಎನ್ನಲಾಗದು, ಪೂರ್ತಿ ಇಲ್ಲ ಎನ್ನಲಾಗದು. ಇಂಥ ಪದಗಳಿಗೆ 0ಯಿಂದ 1ರವರೆಗೆ ಅಂಕ ಕೊಡುವುದೇ ಫಜಿ ಗಣ. ಲೋತ್ಫಿ ಝಾದೆ 1965ರಲ್ಲಿ ಇದನ್ನು ಮಂಡಿಸಿದರು. ಎರಡನ್ನೂ ಜೋಡಿಸುವ ಸೂತ್ರವನ್ನು 1968ರಲ್ಲಿ ಕೊಟ್ಟರು.

ಲೆಕ್ಕ ಹೀಗೆ

ಒಂದು ವರ್ಕ್‌ಶಾಪ್‌ನ 100 ಆರ್ಡರ್‌ಗಳನ್ನು ಊಹಿಸಿಕೊಳ್ಳೋಣ. ‘ಸಮಯಕ್ಕೆ ತಲುಪಿತು’ ಎಂಬುದಕ್ಕೆ ಗ್ರಾಹಕರು ಒಪ್ಪಿದ ಅಂಕಗಳು ಇವು:

• ಹೇಳಿದ ದಿನಕ್ಕೆ: 60 ಆರ್ಡರ್, ಅಂಕ 1
• ಒಂದು ದಿನ ತಡ: 20 ಆರ್ಡರ್, ಅಂಕ 0.7
• ಎರಡು ದಿನ ತಡ: 10 ಆರ್ಡರ್, ಅಂಕ 0.3
• ಇನ್ನೂ ತಡ: 10 ಆರ್ಡರ್, ಅಂಕ 0

ಪ್ರತಿ ಸಾಲಿನ ಸಂಭವನೀಯತೆಯನ್ನು ಅಂಕದಿಂದ ಗುಣಿಸಿ ಕೂಡಿಸಬೇಕು: 0.60 + 0.14 + 0.03 + 0 = 0.77.

ಇನ್ನೊಂದು ವರ್ಕ್‌ಶಾಪ್‌ನಲ್ಲೂ 60 ಆರ್ಡರ್ ಹೇಳಿದ ದಿನಕ್ಕೆ ತಲುಪಿವೆ. ಆದರೆ ಉಳಿದ 40 ಒಂದು ವಾರ ತಡ. ಅದರ ಅಂಕ 0.60. ‘ಹೌದು–ಇಲ್ಲ’ ಲೆಕ್ಕದಲ್ಲಿ ಇಬ್ಬರಿಗೂ 60%. ಒಂದು ದಿನ ತಡ ಮಾಡಿದವರೂ ವಾರಗಟ್ಟಲೆ ಕಾಯಿಸಿದವರೂ ಅಲ್ಲಿ ಒಂದೇ ತಕ್ಕಡಿಯಲ್ಲಿ. ಮುಂದಿನ ಆರ್ಡರ್ ಯಾರಿಗೆ ಎಂಬುದು ಇಂಥ ಅಂಕದಿಂದ ತೀರ್ಮಾನವಾಗುವಾಗ, ಸಣ್ಣ ವರ್ಕ್‌ಶಾಪ್‌ಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಎಚ್ಚರ ಎಲ್ಲಿ ಬೇಕು?

0.7, 0.3 ಎಂಬ ಅಂಕಗಳನ್ನು ಯಂತ್ರ ಅಳೆದು ಕೊಡುವುದಿಲ್ಲ, ಮನುಷ್ಯರೇ ನಿರ್ಧರಿಸುತ್ತಾರೆ. ಫಲಿತಾಂಶ ನೋಡಿದ ಮೇಲೆ ಅವನ್ನು ಬದಲಿಸಿದರೆ ಕಳಪೆ ಕೆಲಸವೂ ಚೆನ್ನಾಗಿ ಕಾಣುತ್ತದೆ. ಒಂದು ದಿನ ತಡವಾದರೂ ಗ್ರಾಹಕರ ಉತ್ಪಾದನೆ ನಿಲ್ಲುವಂತಿದ್ದರೆ 0.7 ಕೊಡುವುದೇ ತಪ್ಪು. ಅಲ್ಲಿ ಕಟ್ಟುನಿಟ್ಟಿನ 60% ಲೆಕ್ಕವೇ ಸರಿ. ಹತ್ತೇ ಆರ್ಡರ್ ನೋಡಿ ಹೇಳಿದ ಸಂಭವನೀಯತೆಯನ್ನೂ ಪೂರ್ತಿ ನಂಬಬೇಡಿ.

ನಮ್ಮ ತೀರ್ಮಾನ

ಫಜಿ ಅಂಕ ಮೋಸವಲ್ಲ, ಸಂಭವನೀಯತೆಯ ಇನ್ನೊಂದು ಹೆಸರೂ ಅಲ್ಲ. ಇಲ್ಲಿನ 77% ಎಂದರೆ 77 ಆರ್ಡರ್ ಅಲ್ಲ. ಎಷ್ಟು ತಡವಾಯಿತು ಎಂಬುದನ್ನೂ ಸೇರಿಸಿದ ಸರಾಸರಿ. ಇಂಥ ಅಂಕವನ್ನು ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಎಷ್ಟು ಆರ್ಡರ್ ನೋಡಿದ್ದಾರೆ? ‘ಸಮಯಕ್ಕೆ’ ಎಂದರೇನು ಎಂದು ಮೊದಲೇ ತೀರ್ಮಾನಿಸಿದವರು ಯಾರು?